ಬ್ರಹ್ಮಹೃದಯದ ಎರಡು ತೂಕಗಳು

ನನ್ನ ಹಳೆಯ ಟಿಪ್ಪಣಿ ಪುಸ್ತಕದ ಒಂದು ಪುಟದಲ್ಲಿ ಬ್ರಹ್ಮಹೃದಯ (ಕಪೆಲ್ಲಾ) ಎಂಬ ಜೋಡಿ ನಕ್ಷತ್ರದಲ್ಲಿ ಭಾರವಾದದ್ದರ ದ್ರವ್ಯರಾಶಿ ಸೂರ್ಯನ 2.466 ಪಟ್ಟು ಎಂದು ನೀಲಿ ಶಾಯಿಯಲ್ಲಿ ಬರೆದುಕೊಂಡಿದ್ದೇನೆ. ಅದಕ್ಕೆ ಅಡ್ಡಗೆರೆ ಎಳೆದು, ಕೆಲವು ವರ್ಷಗಳ ನಂತರ ಕೆಂಪು ಶಾಯಿಯಲ್ಲಿ 2.5687 ಎಂದು ತಿದ್ದಿದ್ದೇನೆ. ವ್ಯತ್ಯಾಸ ಶೇಕಡಾ ನಾಲ್ಕು ಮಾತ್ರ. ಹಲವು ಜ್ಯೋತಿರ್ವರ್ಷ ದೂರದ ವಸ್ತುವನ್ನು ತೂಗುವಾಗ ಇಷ್ಟು ಹೆಚ್ಚುಕಡಿಮೆ ಆಗುವುದು ಸಹಜವೆಂದು ಆಗ ನಾನು ಆ ಪುಟವನ್ನು ಮಗುಚಿಬಿಟ್ಟಿದ್ದೆ. ಮೊನ್ನೆ ಮತ್ತೆ ಅದೇ ಪುಟ ಕಣ್ಣಿಗೆ ಬಿದ್ದಾಗ, ಆ ನಾಲ್ಕು ಶೇಕಡಾ ಏನನ್ನು ನಿರ್ಧರಿಸಿತು ಎಂಬುದನ್ನು ಕುಳಿತು ಲೆಕ್ಕ ಹಾಕಿ ನೋಡಿದೆ. ಈ ಬರಹ ಹುಟ್ಟಿದ್ದು ಆ ಲೆಕ್ಕದಿಂದ.

ಮೊದಲು ಲೆಕ್ಕದ ಹಿನ್ನೆಲೆಯನ್ನು ಹೇಳಬೇಕು. ನಕ್ಷತ್ರವೊಂದು ಹುಟ್ಟುವಾಗ ಎಷ್ಟು ದ್ರವ್ಯವನ್ನು ಕೂಡಿಸಿಕೊಂಡಿತ್ತು ಮತ್ತು ಆ ದ್ರವ್ಯದಲ್ಲಿ ಯಾವ್ಯಾವ ಮೂಲವಸ್ತು ಎಷ್ಟೆಷ್ಟಿತ್ತು ಎಂಬ ಎರಡು ಸಂಗತಿಗಳು ಗೊತ್ತಿದ್ದರೆ, ಅದು ಎಷ್ಟು ವರ್ಷಕ್ಕೆ ಎಷ್ಟು ಹಿಗ್ಗುತ್ತದೆ, ಎಷ್ಟು ಬೆಳಗುತ್ತದೆ, ಯಾವಾಗ ಮುದಿಯಾಗುತ್ತದೆ ಎಂಬುದೆಲ್ಲವೂ ಹೆಚ್ಚು ಕಡಿಮೆ ನಿಗದಿಯಾಗಿಬಿಡುತ್ತದೆ ಎಂಬುದು ನಕ್ಷತ್ರ ವಿಕಾಸದ ಸಿದ್ಧಾಂತದ ಬುನಾದಿ. ಫೋಗ್ಟ್ ಮತ್ತು ರಸೆಲ್ ಇಬ್ಬರ ಹೆಸರಿನಲ್ಲಿ ಪಠ್ಯಪುಸ್ತಕಗಳು ಇದನ್ನು ಪ್ರಮೇಯವೆಂದೇ ಕರೆಯುತ್ತವೆ, ಕಟ್ಟುನಿಟ್ಟಾದ ಗಣಿತದ ಅರ್ಥದಲ್ಲಿ ಅದು ಪ್ರಮೇಯವಲ್ಲದಿದ್ದರೂ. ಒಂಟಿ ನಕ್ಷತ್ರದ ವಿಷಯದಲ್ಲಿ ಈ ಸಿದ್ಧಾಂತವನ್ನು ಪರೀಕ್ಷಿಸುವುದು ಬಹಳ ಕಷ್ಟ, ಏಕೆಂದರೆ ಒಂಟಿ ನಕ್ಷತ್ರ ತನ್ನ ತೂಕವನ್ನು ನೇರವಾಗಿ ಹೇಳುವುದೇ ಇಲ್ಲ. ಅದರ ಬಣ್ಣ, ಬೆಳಕು, ದೂರ ತಿಳಿದರೂ, ತೂಕವನ್ನು ಸ್ವಲ್ಪ ಹೆಚ್ಚಿಸಿ ವಯಸ್ಸನ್ನು ಸ್ವಲ್ಪ ತಗ್ಗಿಸಿದರೆ ನಕ್ಷತ್ರದ ಗಣಿತ ಮಾದರಿ ಹೊಂದಿಕೊಂಡುಬಿಡುತ್ತದೆ. ತಪ್ಪು ಮಾದರಿಯೂ ಹೊಂದಿಕೊಳ್ಳುತ್ತದೆ ಎಂಬುದೇ ತೊಂದರೆ.

ಜೋಡಿ ನಕ್ಷತ್ರಗಳು ಈ ಸಡಿಲವನ್ನು ಬಿಗಿ ಮಾಡುತ್ತವೆ. ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳು ಒಂದೇ ಮೋಡದಿಂದ ಒಂದೇ ಕಾಲಕ್ಕೆ ಹುಟ್ಟಿದವು ಎಂದು ಒಪ್ಪಿಕೊಂಡರೆ, ಎರಡಕ್ಕೂ ಒಂದೇ ವಯಸ್ಸು, ಒಂದೇ ರಾಸಾಯನಿಕ ಬಂಡವಾಳ. ಉಳಿಯುವ ವ್ಯತ್ಯಾಸ ತೂಕದ್ದು, ಅದನ್ನು ಕಕ್ಷೆಯೇ ಹೇಳುತ್ತದೆ. ಆಗ ಮಾದರಿ ಕಟ್ಟುವವನು ಒಂದು ನಕ್ಷತ್ರಕ್ಕೆ ಹೊಂದುವ ವಯಸ್ಸನ್ನು ಆರಿಸಿಕೊಂಡ ಕೂಡಲೇ ಇನ್ನೊಂದಕ್ಕೂ ಅದೇ ವಯಸ್ಸು ಹೊಂದಬೇಕೆಂಬ ಕಟ್ಟಿಗೆ ಬೀಳುತ್ತಾನೆ. ಸೂರ್ಯನಂತೆ ತಿರುಳಿನ ಜಲಜನಕವನ್ನು ಇನ್ನೂ ಉರಿಸುತ್ತಿರುವ ಜೋಡಿಗಳಾದರೆ ಈ ಕಟ್ಟು ಅಷ್ಟು ಬಿಗಿಯಾಗಿರುವುದಿಲ್ಲ. ಆ ಹಂತದಲ್ಲಿ ನಕ್ಷತ್ರ ಕೋಟ್ಯಂತರ ವರ್ಷ ಹೆಚ್ಚು ಬದಲಾಗದೆ ಕುಳಿತಿರುತ್ತದೆ, ವಯಸ್ಸನ್ನು ಆಚೀಚೆ ಮಾಡಿದರೂ ಯಾರಿಗೂ ತಿಳಿಯುವುದಿಲ್ಲ. ದೈತ್ಯ ನಕ್ಷತ್ರಗಳ ಕಥೆ ಬೇರೆ. ತಿರುಳಿನ ಜಲಜನಕ ಮುಗಿದು ಹಿಗ್ಗಲು ತೊಡಗಿದ ಮೇಲೆ ನಕ್ಷತ್ರ ಓಡತೊಡಗುತ್ತದೆ. ಅಲ್ಲಿಯವರೆಗೆ ಅದರ ಒಳಗೆ ನಡೆದ ಪ್ರತಿಯೊಂದು ಸಣ್ಣ ವ್ಯತ್ಯಾಸವೂ ಈಗ ದೊಡ್ಡದಾಗಿ ಹೊರಬೀಳುತ್ತದೆ. ಹೀಗಾಗಿ ಎರಡೂ ದೈತ್ಯವಾಗಿರುವ ಜೋಡಿ ಸಿಕ್ಕರೆ ಸಿದ್ಧಾಂತಿಗೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ಅಂಥ ಜೋಡಿಗಳು ಅಪರೂಪವಾಗಿರುವುದಕ್ಕೂ ಅದೇ ಕಾರಣ. ದೈತ್ಯ ಹಂತ ಚಿಕ್ಕದು, ಆದ್ದರಿಂದ ಎರಡೂ ಒಟ್ಟಿಗೆ ಆ ಹಂತದಲ್ಲಿ ಸಿಗಬೇಕಾದರೆ ಅವುಗಳ ತೂಕಗಳು ಬಹುತೇಕ ಸಮವಾಗಿರಬೇಕು.

ಬ್ರಹ್ಮಹೃದಯ ಅಂಥದ್ದೊಂದು ಜೋಡಿ. ಸೂರ್ಯಸಿದ್ಧಾಂತದಲ್ಲೇ ಈ ಹೆಸರಿನಿಂದ ಉಲ್ಲೇಖವಾಗಿರುವ, ಪಾಶ್ಚಾತ್ಯರು ಕಪೆಲ್ಲಾ ಎನ್ನುವ ಈ ನಕ್ಷತ್ರ ವಿಜಯಸಾರಥಿ ಪುಂಜದಲ್ಲಿ ಹೊಂಬಣ್ಣದಲ್ಲಿ ಹೊಳೆಯುತ್ತದೆ. ರಾತ್ರಿಯಾಕಾಶದ ಆರನೆಯ ಅತಿ ಪ್ರಕಾಶಮಾನ ನಕ್ಷತ್ರ ಇದು, ದೂರ ಸುಮಾರು 43 ಜ್ಯೋತಿರ್ವರ್ಷ. ಬರಿಗಣ್ಣಿಗೆ ಒಂದೇ ಚುಕ್ಕೆ. ದೊಡ್ಡ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಒಂದೇ ಚುಕ್ಕೆ. ಅದು ಎರಡೆಂದು ಮೊದಲು ಗೊತ್ತಾದದ್ದು ರೋಹಿತದಿಂದ, ಅಂದರೆ ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯಿಂದ. 1899ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ ಕ್ಯಾಂಪ್‌ಬೆಲ್ ಮತ್ತು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನ್ಯೂಯಲ್, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ, ಅದರ ರೋಹಿತ ರೇಖೆಗಳು ಆಗಾಗ ಇಬ್ಭಾಗವಾಗಿ ಮತ್ತೆ ಕೂಡಿಕೊಳ್ಳುವುದನ್ನು ಕಂಡರು. ಒಂದು ನಕ್ಷತ್ರ ನಮ್ಮ ಕಡೆಗೆ ಬರುವಾಗ ಇನ್ನೊಂದು ದೂರ ಸರಿಯುತ್ತಿರುತ್ತದೆ. ಬರುವುದರ ರೇಖೆಗಳು ನೀಲಿಯ ಕಡೆಗೂ ಹೋಗುವುದರ ರೇಖೆಗಳು ಕೆಂಪಿನ ಕಡೆಗೂ ಜರುಗುತ್ತವೆ. ಈ ಜರುಗುವಿಕೆ 104 ದಿನಗಳಿಗೊಮ್ಮೆ ಮರುಕಳಿಸುತ್ತದೆ.

ಜರುಗಿದ ಪ್ರಮಾಣದಿಂದ ವೇಗ ಸಿಗುತ್ತದೆ. ಆದರೆ ಅದು ನಮ್ಮತ್ತ ಬರುವ ಅಥವಾ ನಮ್ಮಿಂದ ಹೋಗುವ ವೇಗ ಮಾತ್ರ. ಕಕ್ಷೆ ನಮ್ಮ ದೃಷ್ಟಿರೇಖೆಗೆ ಎಷ್ಟು ಓರೆಯಾಗಿದೆ ಎಂಬುದು ತಿಳಿಯದೆ ನಿಜವಾದ ತೂಕ ಹೇಳಲಾಗದು. ಈ ಓರೆಯನ್ನು ಅಳೆಯಲು ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಕಾಣಲೇಬೇಕಿತ್ತು. ಅವುಗಳ ನಡುವಿನ ಕೋನ ಒಂದು ಆರ್ಕ್ ಸೆಕೆಂಡಿನ (ಡಿಗ್ರಿಯ 3600ರಲ್ಲೊಂದು ಭಾಗ) ಇಪ್ಪತ್ತರಲ್ಲೊಂದು ಭಾಗದಷ್ಟು. 1919ರ ಕೊನೆಯಲ್ಲಿ ಮೌಂಟ್ ವಿಲ್ಸನ್‌ನ 100 ಅಂಗುಲದ ದೂರದರ್ಶಕದಲ್ಲಿ ಆಂಡರ್ಸನ್ ಇದನ್ನು ಸಾಧಿಸಿದ ರೀತಿ ನನಗೆ ಈಗಲೂ ಸೋಜಿಗವೆನಿಸುತ್ತದೆ. ಭೌತವಿಜ್ಞಾನಿ ಮೈಕೆಲ್ಸನ್ ಸೂಚಿಸಿದ್ದಂತೆ ಅವರು ಬೆಳಕಿನ ದಾರಿಗೆ ಎರಡು ಸೀಳುಗಳಿದ್ದ ಒಂದು ತಗಡನ್ನು ಅಡ್ಡ ಇಟ್ಟರು. ಆಗ ನಕ್ಷತ್ರದ ಚುಕ್ಕೆಯ ಮೇಲೆ ಸಣ್ಣಸಣ್ಣ ಕಪ್ಪುಬಿಳುಪು ಪಟ್ಟೆಗಳು ಮೂಡುತ್ತವೆ. ನಕ್ಷತ್ರ ಒಂದೇ ಆಗಿದ್ದರೆ ತಗಡನ್ನು ಹೇಗೆ ತಿರುಗಿಸಿದರೂ ಪಟ್ಟೆಗಳು ಮಾಸಬಾರದು. ಎರಡಾಗಿದ್ದರೆ, ಒಂದು ಕೋನದಲ್ಲಿ ಒಂದರ ಬಿಳಿಪಟ್ಟೆ ಇನ್ನೊಂದರ ಕರಿಪಟ್ಟೆಯ ಮೇಲೆ ಬಿದ್ದು ಎರಡೂ ಅಳಿಸಿಹೋಗುತ್ತವೆ. ಪಟ್ಟೆಗಳು ಅಳಿಸಿದ ಆ ಕೋನದಿಂದಲೇ ಅವರು ಜೋಡಿಯ ದಿಕ್ಕನ್ನೂ ಅಂತರವನ್ನೂ ಲೆಕ್ಕ ಹಾಕಿದರು. ಹೀಗೆ ಪಟ್ಟೆಗಳಿಂದ, ಅಂದರೆ ಬೆಳಕಿನ ವ್ಯತಿಕರಣದಿಂದ, ಅಳೆಯಲ್ಪಟ್ಟ ಮೊದಲ ಜೋಡಿ ನಕ್ಷತ್ರ ಇದೇ.

ಓರೆ ತಿಳಿದ ಮೇಲೆ ಉಳಿದದ್ದು ಕೆಪ್ಲರನ ಮೂರನೆಯ ನಿಯಮ. ಎರಡೂ ನಕ್ಷತ್ರಗಳ ನಡುವಿನ ಅಂತರ ಭೂಮಿ ಮತ್ತು ಸೂರ್ಯರ ನಡುವಿನ ದೂರದ ಸುಮಾರು 0.74 ಭಾಗ, ಸುತ್ತುವ ಅವಧಿ ವರ್ಷದ 0.285 ಭಾಗ. ಅಂತರದ ಘನವನ್ನು ಅವಧಿಯ ವರ್ಗದಿಂದ ಭಾಗಿಸಿದರೆ ಸರಿಸುಮಾರು 5 ಬರುತ್ತದೆ. ಅಂದರೆ ಎರಡೂ ಸೇರಿ ಐದು ಸೂರ್ಯರಷ್ಟು ತೂಕ. ಈ ಐದನ್ನು ಎರಡಕ್ಕೂ ಹೇಗೆ ಹಂಚಬೇಕು ಎಂಬುದನ್ನು ವೇಗಗಳ ಅನುಪಾತ ಹೇಳುತ್ತದೆ, ಭಾರವಾದದ್ದು ನಿಧಾನವಾಗಿಯೂ ಹಗುರವಾದದ್ದು ಬೇಗನೆಯೂ ಚಲಿಸುವುದರಿಂದ.

ಎಡವಟ್ಟಾದದ್ದು ಈ ಹಂಚಿಕೆಯಲ್ಲಿ. ಜೋಡಿಯಲ್ಲಿ ಒಂದು ನಕ್ಷತ್ರ (ಭಾರವಾದದ್ದು) ನಿಧಾನವಾಗಿ, ಕಕ್ಷೆಗೆ ಹೊಂದಿಕೊಂಡಂತೆ ಸುಮಾರು 104 ದಿನಕ್ಕೊಮ್ಮೆ, ತನ್ನ ಸುತ್ತ ತಾನು ತಿರುಗುತ್ತದೆ. ಅದರ ರೋಹಿತ ರೇಖೆಗಳು ಸೂಜಿಯಿಂದ ಗೀರಿದಂತೆ ತೆಳುವಾಗಿವೆ. ಇನ್ನೊಂದು ಸುಮಾರು ಎಂಟೂವರೆ ದಿನಕ್ಕೊಮ್ಮೆ ಗಿರಕಿ ಹೊಡೆಯುತ್ತದೆ. ಅದರ ಒಂದು ಅಂಚು ನಮ್ಮತ್ತ, ಇನ್ನೊಂದು ಅಂಚು ನಮ್ಮಿಂದಾಚೆಗೆ ಧಾವಿಸುವುದರಿಂದ ಪ್ರತಿಯೊಂದು ರೇಖೆಯೂ ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ಅಗಲಕ್ಕೆ ಹರಡಿಹೋಗುತ್ತದೆ. ಹೀಗೆ ಹರಡಿದ ಮಸುಕು ರೇಖೆಗಳ ಮೇಲೆಯೇ ಮೊದಲನೆಯದರ ಚೂಪು ರೇಖೆಗಳೂ ಬಿದ್ದಿರುತ್ತವೆ. ಸಾರಿಸಿದ ಬಣ್ಣದ ಮೇಲೆ ಸೂಜಿಗೆರೆ ಎಳೆದು, ಈಗ ಬಣ್ಣದ ನಡುಬಿಂದು ಎಲ್ಲಿದೆ ಹೇಳು ಎಂದರೆ ಕಣ್ಣು ಸೂಜಿಗೆರೆಯ ಕಡೆಗೇ ವಾಲುತ್ತದೆ. ಕಂಪ್ಯೂಟರ್ ಕ್ರಮವಿಧಿಗಳೂ ವಾಲುತ್ತವೆ, ಸ್ವಲ್ಪ ಹೆಚ್ಚು ಸಭ್ಯವಾಗಿ. ನೂರು ವರ್ಷಗಳ ಕಾಲ ಬೇರೆಬೇರೆಯವರು ಈ ಎರಡನೆಯ ನಕ್ಷತ್ರದ ವೇಗವನ್ನು ಬೇರೆಬೇರೆಯಾಗಿ ಅಳೆದರು. ಮೊದಲನೆಯದರ ವೇಗದ ಬಗ್ಗೆ ಅಷ್ಟು ತಕರಾರು ಇರಲಿಲ್ಲ.

2009ರಲ್ಲಿ ಖಗೋಳವಿಜ್ಞಾನಿ ಗಿಯೆರ್ಮೊ ಟೊರೆಸ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ ಹೊಸ ವೇಗಗಳನ್ನೂ ಸೇರಿಸಿ ಪ್ರಕಟಿಸಿದ ತೂಕಗಳು 2.466 ಮತ್ತು 2.443. ನನ್ನ ನೀಲಿ ಶಾಯಿಯ ಅಂಕಿ ಅಲ್ಲಿಂದ ಬಂದದ್ದು. ಆದರೆ ಈ ತೂಕಗಳನ್ನು ಇಟ್ಟುಕೊಂಡು ಮಾದರಿಗಳನ್ನು ಓಡಿಸಿದಾಗ ಎರಡು ನಕ್ಷತ್ರಗಳೂ ಒಂದೇ ವಯಸ್ಸಿಗೆ ತಮ್ಮತಮ್ಮ ಜಾಗದಲ್ಲಿ ಸರಿಯಾಗಿ ಕೂರಲಿಲ್ಲ. ತಪ್ಪು ಯಾರದ್ದು? ನಾನು ಆಗ, ಬಹುಶಃ ಅನೇಕರಂತೆ, ಸಿದ್ಧಾಂತದ್ದೇ ಎಂದುಕೊಂಡೆ. ದೈತ್ಯ ನಕ್ಷತ್ರಗಳ ಒಳಗಿನ ಭೌತಶಾಸ್ತ್ರದಲ್ಲಿ ಸರಿಪಡಿಸಬೇಕಾದ್ದು ಏನೋ ಇದೆ ಎಂಬ ಅನುಮಾನಕ್ಕೆ ಕಾರಣಗಳು ಧಾರಾಳವಾಗಿಯೇ ಇದ್ದವು. 2011ರಲ್ಲಿ ಮೈಕೆಲ್ ವೆಬರ್ ಮತ್ತು ಕ್ಲೌಸ್ ಸ್ಟ್ರಾಸ್‌ಮೈಯರ್ ಟೆನೆರಿಫೆ ದ್ವೀಪದ ಸ್ಟೆಲ್ಲಾ ಎಂಬ ಸ್ವಯಂಚಾಲಿತ ದೂರದರ್ಶಕದಿಂದ ಪಡೆದ ರೋಹಿತಗಳನ್ನು ಬಿಡಿಸಿ ನೋಡಿದಾಗ ತೂಕಗಳು 2.573 ಮತ್ತು 2.488 ಎಂದು ಬಂದವು. 2015ರಲ್ಲಿ ಟೊರೆಸ್ ಮತ್ತೆ ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಿ 2.5687 ಮತ್ತು 2.4828 ಎಂದರು. ತಮ್ಮದೇ ಅಂಕಿಯನ್ನು ತಾವೇ ತಿದ್ದಿಕೊಂಡ ಈ ಕ್ರಮ ನನಗೆ ಇಷ್ಟವಾಯಿತು. ಈ ಸಲ ಮಾದರಿಗಳು ಕೂತವು, ಎರಡೂ ನಕ್ಷತ್ರಗಳಿಗೆ ಒಂದೇ ವಯಸ್ಸು, 59 ರಿಂದ 65 ಕೋಟಿ ವರ್ಷಗಳ ಆಸುಪಾಸಿನಲ್ಲಿ.

ಮೊನ್ನೆ ನಾನು ಹಾಕಿದ ಲೆಕ್ಕ ಹೀಗಿದೆ. ಮೊದಲನೆಯ ನಕ್ಷತ್ರ ತನ್ನ ಕಕ್ಷೆಯಲ್ಲಿ ತೋರುವ ವೇಗದ ಏರಿಳಿತ ಸೆಕೆಂಡಿಗೆ ಸುಮಾರು 26 ಕಿಲೋಮೀಟರ್. ಎರಡನೆಯದು ಅದಕ್ಕಿಂತ ತುಸು ಹೆಚ್ಚು. ಹಳೆಯ ಮತ್ತು ಹೊಸ ತೂಕಗಳ ನಡುವಿನ ಇಡೀ ವ್ಯತ್ಯಾಸವನ್ನು ತರಲು ಈ ಎರಡನೆಯ ವೇಗವೊಂದನ್ನು ಸೆಕೆಂಡಿಗೆ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಬದಲಿಸಿದರೆ ಸಾಕು. ವೇಗದಲ್ಲಿ ಶೇಕಡಾ ಎರಡರ ತಪ್ಪು ತೂಕದಲ್ಲಿ ಶೇಕಡಾ ನಾಲ್ಕಾಯಿತು. ಆದರೆ ನಿಜವಾದ ಪೆಟ್ಟು ಬಿದ್ದದ್ದು ತೂಕಕ್ಕಲ್ಲ, ತೂಕಗಳ ನಡುವಿನ ಅಂತರಕ್ಕೆ. ಹಳೆಯ ಅಂಕಿಗಳ ಪ್ರಕಾರ ಎರಡು ನಕ್ಷತ್ರಗಳ ತೂಕದ ವ್ಯತ್ಯಾಸ ಶೇಕಡಾ ಒಂದು, ಹೊಸದರ ಪ್ರಕಾರ ಶೇಕಡಾ ಮೂರೂವರೆ. ನಕ್ಷತ್ರದ ಆಯುಷ್ಯ ತೂಕ ಹೆಚ್ಚಿದಂತೆ ಬಹಳ ಬೇಗ ಕುಗ್ಗುತ್ತದೆ. ತೂಕ ಶೇಕಡಾ ಒಂದು ಹೆಚ್ಚಾದರೆ ಆಯುಷ್ಯ ಶೇಕಡಾ ಎರಡೂವರೆಯಿಂದ ಮೂರರಷ್ಟು ಕಡಿಮೆ ಎಂದು ಒರಟಾಗಿ ಹಿಡಿಯಬಹುದು. 60 ಕೋಟಿ ವರ್ಷದ ಆಯುಷ್ಯದಲ್ಲಿ ಹಳೆಯ ಅಂಕಿಯಂತೆ ದೊಡ್ಡದು ಚಿಕ್ಕದಕ್ಕಿಂತ ಒಂದೂವರೆ ಕೋಟಿ ವರ್ಷದಷ್ಟು ಮುಂದಿರಬೇಕು, ಹೊಸ ಅಂಕಿಯಂತೆ ಐದು ಕೋಟಿ ವರ್ಷದಷ್ಟು ಅಥವಾ ಇನ್ನೂ ಹೆಚ್ಚು.

ಈ ಎರಡು ನಕ್ಷತ್ರಗಳು ಇಂದು ಇರುವ ಜಾಗಗಳನ್ನು ನೋಡಿದರೆ ಆ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಹಗುರವಾದದ್ದು ಜಲಜನಕದ ತಿರುಳನ್ನು ಮುಗಿಸಿ, ಕೆಂಪು ದೈತ್ಯವಾಗುವ ಕಡೆಗೆ ಅವಸರದಲ್ಲಿ ಹಾಯುತ್ತಿದೆ. ಈ ಹಾಯುವಿಕೆ ಕೆಲವೇ ದಶಲಕ್ಷ ವರ್ಷಗಳ ಕೆಲಸ, ಅದಕ್ಕೇ ಆಕಾಶದಲ್ಲಿ ಆ ಹಂತದ ನಕ್ಷತ್ರಗಳು ತೀರ ಕಡಿಮೆ. ಬಣ್ಣ ಮತ್ತು ಬೆಳಕಿನ ನಕ್ಷೆಯಲ್ಲಿ ಆ ಜಾಗ ಖಾಲಿಯಾಗಿ ಕಾಣುವುದರಿಂದ ಅದನ್ನು ಹರ್ಟ್ಸ್‌ಸ್ಪ್ರಂಗ್ ಬಿರುಕು ಎನ್ನುತ್ತಾರೆ. ಭಾರವಾದದ್ದು ಅದನ್ನೆಲ್ಲ ದಾಟಿ, ಕೆಂಪು ದೈತ್ಯವಾಗಿ ಹಿಗ್ಗಿ, ತಿರುಳಿನಲ್ಲಿ ಹೀಲಿಯಂ ಹೊತ್ತಿಕೊಂಡು, ಮತ್ತೆ ಕುಗ್ಗಿ, ಆ ಹೀಲಿಯಮನ್ನೂ ಬಹುಪಾಲು ಉರಿಸಿ ಮುಗಿಸಿದೆ. ಒಂದು ಬಿರುಕನ್ನು ಹಾಯುತ್ತಿರುವಾಗ ಇನ್ನೊಂದು ಹೀಲಿಯಂ ಹಂತದ ಕೊನೆ ಮುಟ್ಟಿರಬೇಕಾದರೆ ಒಂದೂವರೆ ಕೋಟಿ ವರ್ಷ ಸಾಲದು. ಬ್ರಹ್ಮಹೃದಯದ ವಿಷಯದಲ್ಲಿ ಕೊನೆಗೂ ಸರಿದಾರಿಗೆ ಬಂದದ್ದು ಅಳತೆಯೇ ಹೊರತು ಸಿದ್ಧಾಂತವಲ್ಲ. ಪರೀಕ್ಷೆ ಬರೆದವನು ಫೇಲಾದನೆಂದು ನಾವು ಗುಸುಗುಸು ಮಾಡುತ್ತಿದ್ದಾಗ, ಪ್ರಶ್ನೆಪತ್ರಿಕೆಯಲ್ಲೇ ಅಚ್ಚಿನ ದೋಷವಿತ್ತು.

ಈ ಜೋಡಿಯ ಹಂತಗಳನ್ನು ತೂಕದ ಲೆಕ್ಕವಿಲ್ಲದೆಯೂ ಹೇಳುವ ಇನ್ನೊಂದು ಸಾಕ್ಷಿ ಲಿಥಿಯಂ. ಲಿಥಿಯಂ ಬಹಳ ಸೂಕ್ಷ್ಮ ಮೂಲವಸ್ತು, ಸುಮಾರು 25 ಲಕ್ಷ ಡಿಗ್ರಿ ಉಷ್ಣತೆಯಲ್ಲೇ ನಾಶವಾಗುತ್ತದೆ. ಆದ್ದರಿಂದ ನಕ್ಷತ್ರದ ಹೊರಪದರದಲ್ಲಿ ಮಾತ್ರ ಅದು ಉಳಿದಿರುತ್ತದೆ. ನಕ್ಷತ್ರ ಕೆಂಪು ದೈತ್ಯವಾದಾಗ ಅದರ ಹೊರಗಿನ ಕುದಿಯುವ ಪದರ ಆಳಕ್ಕೆ ಇಳಿದು, ಕೆರೆಯ ಹೂಳೆತ್ತಿದಂತೆ, ಒಳಗಿನ ಲಿಥಿಯಂ ಇಲ್ಲದ ದ್ರವ್ಯವನ್ನು ಮೇಲಕ್ಕೆ ತಂದು ಬೆರೆಸಿಬಿಡುತ್ತದೆ. ಬ್ರಹ್ಮಹೃದಯದ ಹಗುರ ನಕ್ಷತ್ರದಲ್ಲಿ ಲಿಥಿಯಂ ಇನ್ನೂ ಸಮೃದ್ಧವಾಗಿದೆ, ಭಾರವಾದದ್ದರಲ್ಲಿ ಇರುವುದು ಅದರ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಒಂದರ ಹೂಳೆತ್ತುವಿಕೆ ಮುಗಿದಿದೆ, ಇನ್ನೊಂದರದು ಇನ್ನೂ ಆರಂಭವಾಗಬೇಕು. ಒಂದೇ ದಿನ ಹುಟ್ಟಿದ ಇಬ್ಬರಲ್ಲಿ ಒಬ್ಬರ ಕೂದಲು ಪೂರ್ತಿ ನರೆತು ಇನ್ನೊಬ್ಬರದು ಕಪ್ಪಾಗಿಯೇ ಇರುವಂತೆ ಇದು ಕಾಣುತ್ತದೆ, ಕಾರಣ ಮಾತ್ರ ಮೂರೂವರೆ ಶೇಕಡಾ ತೂಕ.

ಆದರೂ ಬ್ರಹ್ಮಹೃದಯದಲ್ಲಿ ಒಂದು ಕೊರತೆ ಇದೆ. ಅದರ ನಕ್ಷತ್ರಗಳು ನಮ್ಮ ದೃಷ್ಟಿಯಲ್ಲಿ ಒಂದನ್ನೊಂದು ಮರೆಮಾಡುವುದಿಲ್ಲ, ಗ್ರಹಣ ಇಲ್ಲ. ಆದ್ದರಿಂದ ಅವುಗಳ ಗಾತ್ರವನ್ನು ಕೋನೀಯ ವ್ಯಾಸದಿಂದ ಅಳೆಯಬೇಕು. ತೂಕಗಳು ಶೇಕಡಾ 0.3ರಷ್ಟು ಕರಾರುವಾಕ್ಕಾಗಿ ತಿಳಿದಿರುವಾಗ, 2015ರ ಆ ಲೆಕ್ಕದಲ್ಲಿ ದೊಡ್ಡದರ ತ್ರಿಜ್ಯ ಸೂರ್ಯನ 11.98 ಪಟ್ಟು, ಅದರಲ್ಲಿ 0.57ರಷ್ಟು ಹೆಚ್ಚುಕಡಿಮೆ. ಗ್ರಹಣವಾಗುವ ಜೋಡಿಗಳು ಈ ಕೊರತೆಯನ್ನು ತುಂಬುತ್ತವೆ. ಕೆಪ್ಲರ್ ಬಾಹ್ಯಾಕಾಶ ದೂರದರ್ಶಕ 2009ರಿಂದ 2013ರವರೆಗೆ ಒಂದೇ ತುಂಡು ಆಕಾಶವನ್ನು ಕಣ್ಣು ಮಿಟುಕಿಸದೆ ನೋಡಿ ಅಂಥ ಕೆಲವು ದೈತ್ಯರನ್ನು ಹಿಡಿದುಕೊಟ್ಟಿತು. ಮೊದಲು ಸಿಕ್ಕದ್ದು ಕೆಪ್ಲರ್ ನಕ್ಷತ್ರಪಟ್ಟಿಯಲ್ಲಿ (ಕೆಐಸಿ) 8410637 ಎಂಬ ಸಂಖ್ಯೆಯ ಜೋಡಿ. ಸೂರ್ಯನ 10.74 ಪಟ್ಟು ತ್ರಿಜ್ಯದ ಒಂದು ಕೆಂಪು ದೈತ್ಯ ಮತ್ತು 1.57 ಪಟ್ಟಿನ ಒಂದು ಬಿಸಿ ಚಿಕ್ಕ ನಕ್ಷತ್ರ, 408 ದಿನಕ್ಕೊಂದು ಸುತ್ತು.

ಕೆಪ್ಲರ್ ದತ್ತಾಂಶ ಎಲ್ಲರಿಗೂ ಮುಕ್ತವಾಗಿರುವುದರಿಂದ ಒಂದು ರಜೆಯ ದಿನ ನಾನೂ ಅದನ್ನು ಇಳಿಸಿಕೊಂಡು ಗೀಚಿ ನೋಡಿದೆ. ತಿಂಗಳುಗಟ್ಟಲೆ ಬೆಳಕಿನ ಗೆರೆ ಸಣ್ಣಗೆ ನಡುಗುತ್ತಾ ಹೋಗುತ್ತದೆ, ಇದ್ದಕ್ಕಿದ್ದಂತೆ ತಟ್ಟೆಯ ತಳದಂತೆ ಸಪಾಟಾದ ಒಂದು ಕುಳಿ ಬರುತ್ತದೆ. ಚಿಕ್ಕ ನಕ್ಷತ್ರ ದೈತ್ಯನ ಹಿಂದೆ ಪೂರ್ತಿ ಮರೆಯಾದ ಹೊತ್ತು ಅದು. ಕುಳಿಯ ಇಳಿಜಾರಿಗೆ ಹಿಡಿದ ಸಮಯ ಚಿಕ್ಕದರ ಗಾತ್ರವನ್ನೂ, ಸಪಾಟು ತಳದ ಉದ್ದ ದೈತ್ಯನ ಗಾತ್ರವನ್ನೂ ಹೇಳುತ್ತವೆ. ಚಿಕ್ಕದು ಮುಂದೆ ಹಾಯುವಾಗ ಇನ್ನೊಂದು ಕುಳಿ. ದೈತ್ಯನ ತಟ್ಟೆಯಲ್ಲಿ ಅದು ಮುಚ್ಚುವ ಭಾಗ 1.57ನ್ನು 10.74ರಿಂದ ಭಾಗಿಸಿ ವರ್ಗ ಮಾಡಿದಷ್ಟು, ಅಂದರೆ ಶೇಕಡಾ ಎರಡು. ಇವೆರಡರ ನಡುವೆ ಕಾಣುವ ಆ ಸಣ್ಣ ನಡುಕವನ್ನು ನಾನು ಮೊದಲು ಉಪಕರಣದ ಗದ್ದಲವೆಂದುಕೊಂಡು ನಯ ಮಾಡಿ ಒರೆಸಿಬಿಟ್ಟಿದ್ದೆ. ಆಮೇಲೆ ನಾಚಿಕೆಯಾಯಿತು. ಅದು ಗದ್ದಲವಲ್ಲ, ದೈತ್ಯನ ಮಿಡಿತ. ಹೊರಪದರದ ಕುದಿತದಿಂದ ಇಡೀ ನಕ್ಷತ್ರ ಗಂಟೆಯಂತೆ ಮೊಳಗುತ್ತಿರುತ್ತದೆ, ಆ ಸ್ವರಗಳೇ ಬೆಳಕಿನ ನಡುಕವಾಗಿ ಕಾಣುತ್ತವೆ.

ಆ ಮಿಡಿತದಿಂದಲೂ ನಕ್ಷತ್ರವನ್ನು ತೂಗಬಹುದು. ಸ್ವರಗಳ ನಡುವಿನ ಅಂತರ ನಕ್ಷತ್ರದ ಸರಾಸರಿ ಸಾಂದ್ರತೆಯನ್ನೂ, ಅತಿ ಜೋರಾದ ಸ್ವರದ ಆವರ್ತಾಂಕ ಮೇಲ್ಮೈಯ ಗುರುತ್ವವನ್ನೂ ಸೂಚಿಸುತ್ತವೆ. ಎರಡನ್ನೂ ಸೂರ್ಯನ ಸ್ವರಗಳೊಂದಿಗೆ ಹೋಲಿಸಿದರೆ ತೂಕ, ಗಾತ್ರ ಎರಡೂ ಸಿಗುತ್ತವೆ. ಈ ಸರಳ ಸೂತ್ರದಿಂದ ಸಾವಿರಾರು ಒಂಟಿ ಕೆಂಪು ದೈತ್ಯರ ತೂಕ ಹೇಳಲಾಗಿದೆ. ತೂಕದಿಂದ ವಯಸ್ಸು, ವಯಸ್ಸಿನಿಂದ ನಮ್ಮ ಆಕಾಶಗಂಗೆಯ ಇತಿಹಾಸ. ಆದರೆ ಸೂರ್ಯನನ್ನು ಅಳೆಯುವ ಮಾನದಂಡ ಅದಕ್ಕಿಂತ ಹತ್ತುಪಟ್ಟು ಹಿಗ್ಗಿದ, ತಣ್ಣಗಿನ ನಕ್ಷತ್ರಕ್ಕೂ ಸರಿಹೋಗುತ್ತದೆಯೇ? ಇದನ್ನು ಕೇಳಬಹುದಾದ ಜಾಗ ಗ್ರಹಣದ ಜೋಡಿಗಳೇ, ಏಕೆಂದರೆ ಅಲ್ಲಿ ಅದೇ ನಕ್ಷತ್ರವನ್ನು ಕಕ್ಷೆಯಿಂದಲೂ ಮಿಡಿತದಿಂದಲೂ ಎರಡು ಸಲ ತೂಗಬಹುದು. 2016ರಲ್ಲಿ ಪ್ಯಾಟ್ರಿಕ್ ಗೋಲ್ಮ್ ಮತ್ತು ಸಂಗಡಿಗರು ಅಂಥ ಸುಮಾರು ಹತ್ತು ಜೋಡಿಗಳನ್ನು ತೂಗಿದಾಗ, ಮಿಡಿತದ ಸೂತ್ರ ತ್ರಿಜ್ಯವನ್ನು ಶೇಕಡಾ 5ರಷ್ಟೂ ದ್ರವ್ಯರಾಶಿಯನ್ನು ಶೇಕಡಾ 15ರಷ್ಟೂ ಹೆಚ್ಚಾಗಿ ಹೇಳುತ್ತದೆಂದು ಕಂಡಿತು. ದೈತ್ಯನ ವಯಸ್ಸು ತೂಕದ ಘನಕ್ಕೆ ಸರಿಸುಮಾರು ವಿಲೋಮವಾಗಿರುವುದರಿಂದ, ತೂಕದಲ್ಲಿ ಶೇಕಡಾ 15 ಹೆಚ್ಚು ಹೇಳಿದರೆ ವಯಸ್ಸು ಮೂರರಲ್ಲೊಂದು ಭಾಗ ಕಡಿಮೆಯಾಗಿ ಬರುತ್ತದೆ. 900 ಕೋಟಿ ವರ್ಷದ ನಕ್ಷತ್ರವನ್ನು 600 ಕೋಟಿಯದೆಂದು ಬರೆದಂತೆ.

ಇದನ್ನು ಸರಿಪಡಿಸುವ ದಾರಿಯೂ ಇದೆ. ಸ್ವರಗಳ ನಡುವಿನ ಅಂತರದ ಸೂತ್ರಕ್ಕೆ ನಕ್ಷತ್ರದ ಉಷ್ಣತೆ, ತೂಕ ಮತ್ತು ಹಂತವನ್ನು ಅವಲಂಬಿಸಿದ ಒಂದು ತಿದ್ದುಪಡಿ ಹಾಕಬೇಕು. 2018ರಲ್ಲಿ ಕಾರ್ಸ್ಟೆನ್ ಬ್ರೊಗೋರ್ಡ್ ಮತ್ತು ಜೊತೆಗಾರರು ಮೂರು ಜೋಡಿಗಳನ್ನು ಮತ್ತೆ ಸೂಕ್ಷ್ಮವಾಗಿ ಅಳೆದು, ಅಂಥ ತಿದ್ದುಪಡಿಯ ನಂತರ ಎರಡು ತೂಕಗಳೂ ಹೊಂದುತ್ತವೆಂದು ತೋರಿಸಿದರು. ಇಲ್ಲಿ ನನ್ನದೊಂದು ಸಣ್ಣ ಗೊಣಗಾಟವಿದೆ. ಆ ತಿದ್ದುಪಡಿ ಬರುವುದು ನಕ್ಷತ್ರಗಳ ಮಾದರಿಗಳಿಂದಲೇ. ಮಾದರಿಯನ್ನು ಪರೀಕ್ಷಿಸಲು ತಂದ ತಕ್ಕಡಿಯನ್ನು ಮಾದರಿಯ ಕೈಗೇ ಕೊಟ್ಟು ಮುಳ್ಳು ಸರಿಮಾಡಿಸಿಕೊಂಡಂತೆ ಇದು. ಕೆಲಸ ಆಗುತ್ತದೆ ನಿಜ, ಆದರೆ ಕಕ್ಷೆಯಿಂದ ತೂಗಿದ ದೈತ್ಯರು ಇನ್ನಷ್ಟು ಸಿಗುವವರೆಗೆ ನಾನು ಆ ತಕ್ಕಡಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಮಾದರಿಗಳ ಒಳಗೆ ಇಣುಕಿದರೆ ಅನುಮಾನಕ್ಕೆ ಇನ್ನೊಂದು ಕಾರಣ ಸಿಗುತ್ತದೆ. ಸೂರ್ಯನಿಗಿಂತ ಸ್ವಲ್ಪ ಭಾರದ ನಕ್ಷತ್ರಗಳ ತಿರುಳು ಅನ್ನದ ಪಾತ್ರೆಯ ನೀರಿನಂತೆ ಕುದಿಯುತ್ತಿರುತ್ತದೆ. ಕುದಿತ ಎಲ್ಲಿ ನಿಲ್ಲಬೇಕೆಂದು ಸಮೀಕರಣ ಒಂದು ಗಡಿ ಹೇಳುತ್ತದೆ. ಆದರೆ ವೇಗವಾಗಿ ಮೇಲೇರುತ್ತಿರುವ ದ್ರವ್ಯ ಗಡಿ ಬಂತೆಂದು ಥಟ್ಟನೆ ನಿಲ್ಲುವುದಿಲ್ಲ, ಸ್ವಲ್ಪ ದೂರ ದಾಟಿಯೇ ನಿಲ್ಲುತ್ತದೆ. ದಾಟಿದಷ್ಟೂ ಹೊರಗಿನ ಹೊಸ ಜಲಜನಕ ತಿರುಳಿಗೆ ಬಂದು ಬೀಳುತ್ತದೆ, ನಕ್ಷತ್ರದ ಆಯುಷ್ಯ ಹೆಚ್ಚುತ್ತದೆ, ಕೊನೆಗೆ ಉಳಿಯುವ ಹೀಲಿಯಂ ತಿರುಳೂ ದೊಡ್ಡದಾಗುತ್ತದೆ. ಎಷ್ಟು ದೂರ ದಾಟುತ್ತದೆ ಎಂಬುದನ್ನು ಮೂಲತತ್ತ್ವಗಳಿಂದ ಲೆಕ್ಕ ಹಾಕಲು ಇನ್ನೂ ಆಗಿಲ್ಲ. ಆದ್ದರಿಂದ ಮಾದರಿಯಲ್ಲಿ ಅದನ್ನು ಒಂದು ಅಂಕಿಯಾಗಿ ಹೊರಗಿನಿಂದ ಕೊಡುತ್ತಾರೆ. ಮೆಸಾ ಎಂಬ ಉಚಿತ ತಂತ್ರಾಂಶ ಯಾರ ಲ್ಯಾಪ್‌ಟಾಪಿನಲ್ಲಾದರೂ ಓಡುತ್ತದೆ. ಅದರಲ್ಲಿ ಎರಡೂವರೆ ಸೂರ್ಯರಷ್ಟು ತೂಕದ ನಕ್ಷತ್ರವನ್ನು ಹುಟ್ಟಿಸಿ, ಬೇರೇನನ್ನೂ ಮುಟ್ಟದೆ ಆ ಒಂದು ಸಾಲಿನ ಅಂಕಿಯನ್ನು ಸೊನ್ನೆಯಿಂದ ರೂಢಿಯ ಬೆಲೆಗೆ ಏರಿಸಿದಾಗ ನಕ್ಷತ್ರದ ಆಯುಷ್ಯ ಹತ್ತಾರು ದಶಲಕ್ಷ ವರ್ಷ ಹೆಚ್ಚಿತು. ಬ್ರಹ್ಮಹೃದಯದ ಎರಡು ನಕ್ಷತ್ರಗಳ ನಡುವಿನ ಹಂತದ ಅಂತರವೂ ಅದೇ ಪ್ರಮಾಣದ್ದು ಎಂಬುದನ್ನು ನೆನೆದು ಕೈ ಸ್ವಲ್ಪ ತಣ್ಣಗಾಯಿತು.

ಈ ಅಂಕಿಯ ಬೆಲೆ ಎಷ್ಟಿರಬೇಕೆಂಬುದೇ ಈಗಿನ ಜಗಳ. ಆಂಟೋನಿಯೊ ಕ್ಲಾರೆಟ್ ಮತ್ತು ಟೊರೆಸ್ 2016ರಿಂದ ಹಲವು ಗ್ರಹಣದ ಜೋಡಿಗಳನ್ನು, ಅದರಲ್ಲೂ ಒಂದಾದರೂ ದೈತ್ಯವಾಗಿರುವವನ್ನು, ಮಾದರಿಗಳಿಗೆ ಹೊಂದಿಸಿ ಒಂದು ಕ್ರಮ ಕಂಡರು. ಸೂರ್ಯನ 1.2 ಪಟ್ಟು ತೂಕದವರೆಗೆ ಈ ಗಡಿ ದಾಟುವಿಕೆ ಇಲ್ಲವೇ ಇಲ್ಲವೆನ್ನಬಹುದು, ಅಲ್ಲಿಂದ 2 ಪಟ್ಟಿನವರೆಗೆ ಏರುತ್ತದೆ, ಆಮೇಲೆ ಸಮವಾಗಿ ನಿಲ್ಲುತ್ತದೆ ಎಂದರು. 2018ರಲ್ಲಿ ಥಾಮಸ್ ಕಾನ್‌ಸ್ಟಂಟಿನೊ ಮತ್ತು ಇಸಬೆಲ್ ಬರಾಫ್ ಅದೇ ಬಗೆಯ ಜೋಡಿಗಳನ್ನು ನೋಡಿ, ತೂಕದೊಂದಿಗೆ ಏರುತ್ತದೆ ಎನ್ನಲು ಸಾಕಷ್ಟು ಸಾಕ್ಷಿ ಇಲ್ಲವೆಂದರು. ಇಬ್ಬರ ಕೈಯಲ್ಲೂ ಇದ್ದದ್ದು ಬಹುಮಟ್ಟಿಗೆ ಅವೇ ನಕ್ಷತ್ರಗಳು. ಟಿಜೆಡ್ ಫೊರ್ನಾಸಿಸ್ ಎಂಬ ಜೋಡಿಯನ್ನೇ ನೋಡಿ. 76 ದಿನಕ್ಕೊಂದು ಸುತ್ತು, ಒಂದು ದೈತ್ಯ, ಇನ್ನೊಂದು ಈಗಷ್ಟೇ ಹಿಗ್ಗಲು ಹೊರಟದ್ದು. 2016ರಲ್ಲಿ ರೋಹಿತ, ವ್ಯತಿಕರಣ ಎರಡನ್ನೂ ಸೇರಿಸಿ ಅಳೆದ ತೂಕಗಳು 2.057 ಮತ್ತು 1.958, ಎರಡರಲ್ಲೂ 0.001ರಷ್ಟು ಮಾತ್ರ ಅನಿಶ್ಚಿತತೆ. ಇದಕ್ಕಿಂತ ನಿಖರವಾಗಿ ತೂಗಿದ ದೈತ್ಯರನ್ನು ನಾನು ಕಂಡಿಲ್ಲ. ಆದರೂ ಇಟಲಿಯ ಪೀಸಾದ ಸಂಶೋಧಕರು ಈ ಜೋಡಿಯನ್ನು ತಿರುವಿಹಾಕಿ ನೋಡಿದಾಗ ಗಡಿ ದಾಟುವಿಕೆಯ ಬೆಲೆ ಒಂದೇ ಎಂದು ನಿಲ್ಲಲಿಲ್ಲ. ತೂಕ ಸಾವಿರದಲ್ಲೊಂದು ಭಾಗದವರೆಗೆ ಗೊತ್ತಿದ್ದರೂ ಉಷ್ಣತೆ, ಲೋಹಾಂಶ (ಹೀಲಿಯಮಿಗಿಂತ ಭಾರದ ಮೂಲವಸ್ತುಗಳ ಪಾಲು), ಹೀಲಿಯಂ ಪ್ರಮಾಣಗಳ ಅನಿಶ್ಚಿತತೆ ಬಂದು ಆ ಜಾಗವನ್ನು ಹಿಡಿದುಕೊಳ್ಳುತ್ತದೆ. ಒಂದು ತೂತು ಮುಚ್ಚಿದರೆ ನೀರು ಇನ್ನೊಂದರಿಂದ ಜಿನುಗಿತು.

ಹಾಗೆಂದು ಜೋಡಿಗಳು ಎಂದೂ ಖಚಿತವಾಗಿ ತೀರ್ಪು ಕೊಟ್ಟಿಲ್ಲವೆಂದಲ್ಲ. ಸೆಫೀಡ್ ಎಂಬ ಮಿಡಿಯುವ ದೈತ್ಯರ ತೂಕವನ್ನು ವಿಕಾಸದ ಮಾದರಿಗಳಿಂದ ಲೆಕ್ಕ ಹಾಕಿದರೆ ಒಂದು ಅಂಕಿ, ಮಿಡಿತದ ಸಿದ್ಧಾಂತದಿಂದ ಹಾಕಿದರೆ ಅದಕ್ಕಿಂತ ಕಡಿಮೆ ಅಂಕಿ ಬರುತ್ತಿತ್ತು. 1960ರ ದಶಕದಿಂದಲೂ ಈ ವ್ಯಾಜ್ಯ ನಡೆದಿತ್ತು. ಒಗ್ಲ್ ಎಂಬ ಪೋಲಿಷ್ ಸಮೀಕ್ಷೆ ಚಿಲಿಯ ಲಾಸ್ ಕಂಪಾನಾಸ್‌ನಿಂದ ದೊಡ್ಡ ಮೆಗೆಲಾನಿಕ್ ಮೋಡವೆಂಬ ನೆರೆಯ ಗೆಲಾಕ್ಸಿಯಲ್ಲಿ, 310 ದಿನಕ್ಕೊಮ್ಮೆ ಇನ್ನೊಂದು ದೈತ್ಯನನ್ನು ಸುತ್ತುತ್ತಾ ಗ್ರಹಣಕ್ಕೊಳಗಾಗುವ ಒಂದು ಸೆಫೀಡನ್ನು ಗುರುತಿಸಿತು. 2010ರಲ್ಲಿ ಗ್ಶೆಗೊಶ್ ಪಿಯೆತ್ಶಿನ್‌ಸ್ಕಿ ಮತ್ತು ತಂಡ ಅದನ್ನು ತೂಗಿದರು. 4.14 ಸೂರ್ಯ, ಅದರಲ್ಲಿ 0.05ರಷ್ಟು ಅನಿಶ್ಚಿತತೆ. ಮಿಡಿತದ ಲೆಕ್ಕ ಗೆದ್ದಿತು. ವಿಕಾಸದ ಮಾದರಿಗಳು ಮನೆಗೆ ಹೋಗಿ ತಮ್ಮ ತಿರುಳಿನ ಬೆರಕೆಯನ್ನೋ, ಮಿಡಿತದಲ್ಲಿ ಹಾರಿಹೋಗುವ ದ್ರವ್ಯದ ಲೆಕ್ಕವನ್ನೋ ಸರಿಮಾಡಿಕೊಂಡು ಬರಬೇಕಾಯಿತು. ಬ್ರಹ್ಮಹೃದಯದಲ್ಲಿ ಅಳತೆ ಸೋತಿತ್ತು, ಇಲ್ಲಿ ಸಿದ್ಧಾಂತ ಸೋತಿತು. ಸೋಲುವವರು ಯಾರೆಂದು ಮೊದಲೇ ಗೊತ್ತಿಲ್ಲದಿರುವುದರಿಂದಲೇ ಇದನ್ನು ಪರೀಕ್ಷೆ ಎನ್ನಲು ನನಗೆ ಧೈರ್ಯ ಬರುತ್ತದೆ.

ಟಿಪ್ಪಣಿ ಪುಸ್ತಕದ ಅದೇ ಪುಟದ ಕೆಳಭಾಗದಲ್ಲಿ ಈಗ ಇನ್ನೊಂದು ಜೋಡಿಯ ಅಂಕಿಗಳನ್ನು ಬರೆದಿದ್ದೇನೆ. ಕೆಐಸಿ 9246715, ಎರಡೂ ಕೆಂಪು ದೈತ್ಯರು, 171 ದಿನಕ್ಕೊಂದು ಸುತ್ತು. ತೂಕಗಳು 2.17 ಮತ್ತು 2.15, ತ್ರಿಜ್ಯಗಳು 8.4 ಮತ್ತು 8.3. ಇಷ್ಟು ಹತ್ತಿರದ ಅವಳಿಗಳು ಸಿಗುವುದೇ ಅಪರೂಪ. ತೂಕ ಒಂದೇ, ವಯಸ್ಸು ಒಂದೇ, ಹುಟ್ಟಿದ ಮೋಡ ಒಂದೇ ಎಂದಾದರೆ ಎರಡೂ ಒಂದೇ ಬಗೆಯಲ್ಲಿ ಮೊಳಗಬೇಕು. ಕೆಪ್ಲರ್ ನಾಲ್ಕು ವರ್ಷ ಕಿವಿಗೊಟ್ಟು ಕೇಳಿದ ಆ ಬೆಳಕಿನಲ್ಲಿ ಸಿಕ್ಕಿರುವುದು ಒಂದೇ ನಕ್ಷತ್ರದ ಸ್ವರ. ಪರಸ್ಪರ ಸೆಳೆತದಿಂದಲೋ ಕಾಂತಕ್ಷೇತ್ರದ ಚಟುವಟಿಕೆಯಿಂದಲೋ ಇನ್ನೊಂದರ ಸ್ವರ ಅಡಗಿರಬಹುದೆಂದು ಅದನ್ನು ಅಳೆದವರು ಹೇಳುತ್ತಾರೆ. ತೂಕ ಮತ್ತು ರಾಸಾಯನಿಕ ಬಂಡವಾಳ ಗೊತ್ತಿದ್ದರೆ ಉಳಿದದ್ದೆಲ್ಲ ನಿಗದಿಯಾಗುತ್ತದೆ ಎಂದು ಮೇಲೆ ಬರೆದ ಸಾಲಿನ ಪಕ್ಕದಲ್ಲಿ, ಪೆನ್ಸಿಲಿನಲ್ಲಿ, ಒಂದು ಪ್ರಶ್ನೆಯ ಗುರುತು ಹಾಕಿಟ್ಟಿದ್ದೇನೆ.